ಮೊದಲ ಹೆಸರಿನ ಕೆಳಗೆ

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಯಾರೋ ನನ್ನ ವಿಳಾಸ ಕೊಟ್ಟಿರುತ್ತಾರೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬ ವಿಜ್ಞಾನಿಯ ಬರಹವನ್ನು ಜಗತ್ತಿನಲ್ಲಿ ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಹೇಗೆ ಎಣಿಸುತ್ತಿದ್ದಿರಿ? ಕಣ್ಣಿನಲ್ಲಿ, ಬೆರಳಿನಲ್ಲಿ, ಮೇಲಿನವರಿಂದ ಬೈಸಿಕೊಂಡು ಎಣಿಸುತ್ತಿದ್ದೆವು ಅನ್ನುತ್ತೇನೆ. ಅವರು ನಗುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ನಾನು ಎಣಿಸಿದ ಒಂದು ಲೆಕ್ಕದ ಸಂಗತಿ ಮಾತ್ರ ಅವರಲ್ಲಿ ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಹೇಳಲೇಬೇಕಾದ ಸಂದರ್ಭ ಬಂತು, ಬಾಯಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿವೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಾನು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯ ಹುಡುಗಿ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಬೆಳಿಗ್ಗೆ ಎದ್ದು ಕಂಡಿಕೆಗೆ ನೂಲು ಸುತ್ತಿಟ್ಟು ಶಾಲೆಗೆ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಗ್ರಂಥಾಲಯದ ಒಂದು ಸರ್ಟಿಫಿಕೇಟ್ ಓದು ಮುಗಿಸಿ, ಅರವತ್ತರ ದಶಕದ ನಡುವಿನಲ್ಲಿ ಒಂದು ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದೆ. ಅದು ರಾಜಾನುಕುಂಟೆಯ ಆಚೆ ಇತ್ತು. ಹೆಸರು ಬೇಡ, ಈಗ ಅದು ಇಲ್ಲ. ನಾವೆಲ್ಲ ಅದನ್ನು ಸೆಂಟರ್ ಅಂತಿದ್ದೆವು. ಬೆಳಗಿನ ರೈಲು ಮಾಕಳಿದುರ್ಗದ ಕಡೆಯಿಂದ ಬರುವಾಗಲೇ ತುಂಬಿರುತ್ತಿತ್ತು. ಸೀರೆಯ ಗಂಟುಗಳು, ಹಾಲಿನ ಕ್ಯಾನುಗಳು, ತರಕಾರಿ ಮಂಕರಿಗಳ ನಡುವೆ ನಿಂತು ಬಂದು, ಇಳಿದು ಒಂದು ಮೈಲಿ ನಡೆಯಬೇಕಿತ್ತು. ಇಂಜಿನ್ನಿನ ಮಸಿ ಕಣ್ಣಿಗೆ ಬಿದ್ದ ದಿನ ಮಧ್ಯಾಹ್ನದವರೆಗೂ ಕಣ್ಣು ಉಜ್ಜುತ್ತಾ ಕಾರ್ಡು ಬರೆದಿದ್ದೂ ಉಂಟು.

ಗ್ರಂಥಪಾಲಕರು ಶೇಷಗಿರಿರಾಯರು. ಸಣ್ಣ ಆಳು, ದೊಡ್ಡ ದನಿ. ಒಂದು ಕಾರ್ಡನ್ನು ತಪ್ಪು ಜಾಗದಲ್ಲಿ ಸೇರಿಸಿದರೆ ಆ ಪುಸ್ತಕವನ್ನು ಬಾವಿಗೆ ಹಾಕಿದ ಹಾಗೆ ಅಂತ ಮೊದಲ ದಿನವೇ ಹೇಳಿದರು. ಸೇರಿದ ಎರಡನೇ ವಾರದಲ್ಲಿ ನಾನು ಒಂದು ಡ್ರಾಯರನ್ನೇ ಕೆಡವಿದೆ. ಸಾವಿರ ಕಾರ್ಡು ನೆಲದ ಮೇಲೆ ಚೆಲ್ಲಿದವು. ರಾಯರು ಬೈಯಲಿಲ್ಲ. ಪಂಚೆಯನ್ನು ಎತ್ತಿ ಕಟ್ಟಿ ನನ್ನ ಜೊತೆ ನೆಲದ ಮೇಲೆ ಕೂತು ಜೋಡಿಸಿದರು. ಸಂಜೆ ಎಲ್ಲ ಮುಗಿದ ಮೇಲೆ ಬೈದರು, ಅದೂ ಇನ್ನೊಂದು ವಿಷಯಕ್ಕೆ. ಅವರ ಹತ್ತಿರ ನಾನು ಕಲಿತಷ್ಟು ಯಾವ ಪರೀಕ್ಷೆಗೂ ಓದಿ ಕಲಿಯಲಿಲ್ಲ.

ಉಲ್ಲೇಖ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ವಿಜ್ಞಾನಿಗಳು ಲೇಖನ ಬರೆದರೆ, ತಾವು ಯಾರ ಯಾರ ಕೆಲಸವನ್ನು ಆಧಾರ ಮಾಡಿಕೊಂಡೆವು ಅಂತ ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಆ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ತಿರುವಿ ಹಾಕಿ, ಯಾರನ್ನು ಯಾರು ನೆನೆದಿದ್ದಾರೆ ಅಂತ ತೋರಿಸುವ ಸೂಚಿಯೊಂದು ಹೊರದೇಶದಿಂದ ಬರಲು ಶುರುವಾಯಿತು. ಮರದ ಪೆಟ್ಟಿಗೆಯಲ್ಲಿ, ಹಡಗಿನ ಮೇಲೆ, ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಒಂದೊಂದು ಸಂಪುಟವೂ ಇಟ್ಟಿಗೆಯಷ್ಟು ದಪ್ಪ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದು. ಮೊದಲ ವಾರವೇ ನನಗೆ ತಲೆನೋವು ಬಂತು.

ಅಪ್ಪನಿಗೆ ಹೇಳಿದೆ. ಅವರು ಮಗ್ಗದ ಪಕ್ಕದ ಗೂಡಿನಿಂದ ಎಳೆ ಎಣಿಸುವ ಭೂತಗನ್ನಡಿ ತೆಗೆದುಕೊಟ್ಟರು. ಬಟ್ಟೆಯ ಮೇಲೆ ಇಟ್ಟು, ಒಂದು ಅಂಗುಲದಲ್ಲಿ ಎಷ್ಟು ಎಳೆ ಕೂತಿದೆ ಅಂತ ನೋಡುವ ಹಿತ್ತಾಳೆಯ ಪುಟ್ಟ ಮಡಚು ಗಾಜು ಅದು. ಅಂಗಡಿಯವರು ನಿಮ್ಮ ಸೀರೆ ತೆಳ್ಳಗಾಗಿದೆ ಅಂತ ತಕರಾರು ತೆಗೆದರೆ ಅಪ್ಪ ಅದನ್ನು ಇಟ್ಟು ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅದನ್ನೇ ಸೆಂಟರಿಗೆ ಒಯ್ದು ಸೂಚಿಯ ಸಾಲುಗಳ ಮೇಲೆ ಇಟ್ಟೆ. ರಾಯರು ಅದನ್ನು ತಿರುಗಿಸಿ ನೋಡಿ, ಇನ್ನು ಮೇಲೆ ಎಣಿಕೆ ನಿನ್ನದೇ ಅಂದರು. ಅಂದಿನಿಂದ ಆ ಕೆಲಸ ನನ್ನ ಹೆಗಲಿಗೆ ಬಿತ್ತು.

ಎಣಿಕೆ ಶುರುವಾದದ್ದೇ ತಡ, ದೊಡ್ಡ ದೊಡ್ಡವರೆಲ್ಲ ಏನೋ ನೆಪ ಮಾಡಿಕೊಂಡು ಗ್ರಂಥಾಲಯಕ್ಕೆ ಬರತೊಡಗಿದರು. ಲೋಹ ವಿಭಾಗದ ಒಬ್ಬರಂತೂ ಹೊಸ ಸಂಪುಟ ಬಂತೆಂದರೆ ನನಗಿಂತ ಮೊದಲು ಪೆಟ್ಟಿಗೆಯ ಹತ್ತಿರ ನಿಂತಿರುತ್ತಿದ್ದರು. ಅವರಿಗೆ ನಲವತ್ತು ಉಲ್ಲೇಖ ಅಂತ ಬರೆದುಕೊಟ್ಟೆ. ಅವರು ಅದನ್ನು ಹಿಡಿದು ಕಾರಿಡಾರಿನಲ್ಲೆಲ್ಲ ಓಡಾಡಿದರು. ರಾಯರು ಸಂಪುಟ ತರಿಸಿ ನೋಡಿದರೆ, ಅರ್ಧಕ್ಕಿಂತ ಹೆಚ್ಚು ಅವರೇ ತಮ್ಮ ಹೊಸ ಲೇಖನಗಳಲ್ಲಿ ತಮ್ಮ ಹಳೆಯ ಲೇಖನಗಳನ್ನು ನೆನೆದುಕೊಂಡಿದ್ದು. ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದನ್ನೂ ಎಣಿಸಿದೆಯಲ್ಲಮ್ಮ ಅಂತ ರಾಯರು ನನಗೆ ಒಂದು ಕೆಂಪು ಪೆನ್ಸಿಲ್ ಕೊಟ್ಟರು. ಸ್ವಂತದ್ದಕ್ಕೆ ಕೆಂಪು ಗೀಟು, ಬೇರೆಯವರದ್ದಕ್ಕೆ ನೀಲಿ. ಆಮೇಲೆ ನಾನು ಎಲ್ಲವನ್ನೂ ಎರಡೆರಡು ಸಲ ಎಣಿಸತೊಡಗಿದೆ. ಸರೋಜಮ್ಮನ ಲೆಕ್ಕ ತಪ್ಪುವುದಿಲ್ಲ ಅನ್ನುವ ಮಾತು ಹುಟ್ಟಿಕೊಂಡಿತು. ನಿಜ ಹೇಳುತ್ತೇನೆ, ಆ ಮಾತು ನನ್ನ ತಲೆಗೆ ಏರಿತ್ತು.

ಆ ಸೆಂಟರಿನಲ್ಲಿ ಡಾಕ್ಟರ್ ಕೆಂಪಣ್ಣ ಅಂತ ಒಬ್ಬರಿದ್ದರು. ದೇವನಹಳ್ಳಿಯ ಕಡೆಯ ಒಂದು ಹಳ್ಳಿಯವರು, ಒಕ್ಕಲು ಮನೆತನ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಕೆಲಸ ಕಲಿಯುವ ಯಂತ್ರದ್ದು. ಈಗ ಎಲ್ಲರ ಬಾಯಲ್ಲೂ ಮಷಿನ್ ಲರ್ನಿಂಗ್ ಅನ್ನುವ ಮಾತಿದೆ. ಆಗ ಸೆಂಟರಿನಲ್ಲೇ ಅರ್ಧ ಜನ ಅದನ್ನು ಕೇಳಿ ನಗುತ್ತಿದ್ದರು. ಅವರ ಯಂತ್ರ ಬೀರುವಿನಷ್ಟು ದೊಡ್ಡದು. ಮುಂದೆ ಒಂದು ಗಾಜಿನ ಕಿಟಕಿ, ಹಿಂದೆ ರೇಡಿಯೋದ ಗುಂಡಿಗಳಂತಹ ತಿರುಗುಣಿಗಳು ಸಾಲು ಸಾಲು. ಕಿಟಕಿಗೆ ಅಂಕಿ ಬರೆದ ಹಾಳೆ ಇಟ್ಟರೆ, ಇದು ಯಾವ ಅಂಕಿ ಅಂತ ಯಂತ್ರ ಒಂದು ದೀಪ ಹೊತ್ತಿಸಿ ಹೇಳಬೇಕು. ತಪ್ಪು ಹೇಳಿದರೆ ಕೆಂಪಣ್ಣನವರು ಹಿಂದೆ ಹೋಗಿ ಗುಂಡಿಗಳನ್ನು ಒಂದಿಷ್ಟು ತಿರುಗಿಸಿ ಬರುತ್ತಿದ್ದರು.

ಅವರಿಗೆ ಕನ್ನಡ ಅಂಕಿಗಳು ಬೇಕಿತ್ತು, ಅದೂ ಬೇರೆ ಬೇರೆ ಕೈಯಲ್ಲಿ ಬರೆದದ್ದು. ನಿಮ್ಮ ಮನೇಲಿ ಕನ್ನಡ ಅಂಕಿ ಬರೆಯೋರು ಇದಾರಾ ಅಂತ ನನ್ನನ್ನು ಕೇಳಿದರು. ಅಪ್ಪ ತಮ್ಮ ಸೀರೆಗಳ ಚೀಟಿಗೆ ಕನ್ನಡ ಅಂಕಿಯನ್ನೇ ಬರೆಯುತ್ತಿದ್ದರು. ವಿಷಯ ಹೇಳಿದಾಗ ಅಪ್ಪ ಒಂದು ಭಾನುವಾರ ಪೂರ್ತಿ ಕೂತು, ಇಪ್ಪತ್ತು ಹಾಳೆ ತುಂಬ ಬರೆದುಕೊಟ್ಟರು. ಅವರು ಆರನ್ನು ಬರೆಯುವ ರೀತಿಯೇ ಬೇರೆ. ಕೊನೆಯ ಸುಳಿಯನ್ನು ಮೇಲಕ್ಕೆ ಎಳೆದು, ಬಾಲದ ತುದಿಯಲ್ಲಿ ಒಂದು ಚುಕ್ಕೆ ಒತ್ತುತ್ತಿದ್ದರು. ಯಂತ್ರ ಅದನ್ನು ಪ್ರತಿ ಸಲ ಒಂಬತ್ತು ಅಂತಿತ್ತು. ಕೆಂಪಣ್ಣನವರಿಗೆ ಅದರಿಂದ ಬಲು ಖುಷಿ. ನಾನು ಒಮ್ಮೆ ಊಟದ ಬಿಡುವಿನಲ್ಲಿ ನೋಡಲು ಹೋಗಿದ್ದೆ. ಸರಿ ಹೇಳಿದಾಗ ಅವರು ಸುಮ್ಮನೆ ಕೂತಿರುತ್ತಿದ್ದರು, ತಪ್ಪಿದಾಗ ಮಾತ್ರ ಏಳುತ್ತಿದ್ದರು. ಯಾಕೆ ಅಂತ ಕೇಳಿದೆ.

“ಸರಿ ಹೇಳಿದಾಗ ಇದು ಏನೂ ಕಲಿಯಲ್ಲ ಸರೋಜಮ್ಮ,” ಅಂದರು. “ತಪ್ಪಿದಾಗ, ತಪ್ಪು ಅಂತ ಯಾರಾದ್ರೂ ಹೇಳಿದಾಗ, ಆಗ ಮಾತ್ರ ಬದಲಾಗೋದು. ನಿಮ್ಮಪ್ಪನ ಆರು ನಮಗೆ ಬಲು ಉಪಕಾರ ಮಾಡ್ತಿದೆ.”

ಅಪ್ಪನಿಗೆ ಇದನ್ನು ಹೇಳಿದರೆ ಅವರು ಗಂಭೀರವಾಗಿ, ಹಾಗಾದ್ರೆ ಇನ್ನೊಂದಿಷ್ಟು ಆರು ಬರ್ಕೊಡ್ಲಾ ಅಂದರು. ಮೂರು ತಿಂಗಳಾದ ಮೇಲೆ ಒಂದು ದಿನ ಕೆಂಪಣ್ಣನವರು ಓಡಿಕೊಂಡೇ ಗ್ರಂಥಾಲಯಕ್ಕೆ ಬಂದು, ಯಂತ್ರ ನಿಮ್ಮಪ್ಪನ ಆರನ್ನು ಆರು ಅಂತು ಅಂದರು. ಓದುವ ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದಕ್ಕೆ ರಾಯರು ಇಬ್ಬರಿಗೂ ಬೈದರು. ಆಮೇಲೆ ಅವರೂ ಹೋಗಿ ನೋಡಿಕೊಂಡು ಬಂದರು.

ಕೆಂಪಣ್ಣನವರಿಗೆ ಒಬ್ಬ ಗುರುಗಳಿದ್ದರು, ಪ್ರೊಫೆಸರ್ ಸದಾಶಿವರಾಯರು. ಹಳ್ಳಿಯಿಂದ ಬಂದ ಹುಡುಗನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು, ಆ ವಿಭಾಗವನ್ನು ಕಟ್ಟಿದವರು. ನಾನು ಸೇರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಯಂತ್ರದ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಕೂತು, ದೀಪ ಹೊತ್ತಿತೇನಪ್ಪ ಅಂತ ಕೇಳುತ್ತಿದ್ದರು. ಕೆಂಪಣ್ಣನವರು ಏನು ಬರೆದರೂ ಮೊದಲು ಗುರುಗಳ ಹೆಸರು, ಆಮೇಲೆ ತಮ್ಮದು. ಇದು ಸರಿಯಲ್ಲಯ್ಯ, ಕೆಲಸ ನಿನ್ನದು ಅಂತ ಪ್ರೊಫೆಸರು ಒಂದೆರಡು ಸಲ ಗ್ರಂಥಾಲಯದಲ್ಲೇ ಗದರಿದ್ದನ್ನು ನಾನು ಕೇಳಿದ್ದೆ. ಕೆಂಪಣ್ಣನವರು ತಲೆ ತಗ್ಗಿಸಿ ಹೂಂ ಅಂದು, ಮುಂದಿನ ಲೇಖನಕ್ಕೂ ಹಾಗೆಯೇ ಮಾಡುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಪ್ರೊಫೆಸರು ತೀರಿಕೊಂಡರು. ಬೆತ್ತದ ಕುರ್ಚಿ ಅಲ್ಲೇ ಉಳಿಯಿತು.

ಅವರು ಹೋಗಿ ವರ್ಷ ತುಂಬುವ ಮೊದಲೇ ಹೊಸ ನಿರ್ದೇಶಕರು ಬಂದರು. ಕೆಟ್ಟವರಲ್ಲ. ವಶೀಲಿ ಕೇಳುವವರಲ್ಲ, ಬೆಳಿಗ್ಗೆ ಎಂಟಕ್ಕೇ ಬಂದು ಕೂರುವವರು. ಆ ಹೊತ್ತಿಗೆ ಕಲಿಯುವ ಯಂತ್ರಗಳಿಂದ ಏನೂ ಆಗುವುದಿಲ್ಲ ಅನ್ನುವ ಮಾತು ಹೊರದೇಶಗಳಿಂದಲೇ ಬರತೊಡಗಿತ್ತು. ಕೆಂಪಣ್ಣನವರ ವಿಭಾಗವನ್ನು ಮುಂದುವರಿಸುವುದೋ ಮುಚ್ಚುವುದೋ ಅಂತ ತೀರ್ಮಾನಿಸಲು ನಿರ್ದೇಶಕರು ಒಂದು ಸಮಿತಿ ಮಾಡಿದರು. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ನನಗೆ ಅಭಿಪ್ರಾಯ ಬೇಡ, ಸಂಖ್ಯೆ ಕೊಡಿ ಅಂತ ರಾಯರಿಗೆ ಚೀಟಿ ಕಳಿಸಿದರು. ರಾಯರು ಚೀಟಿಯನ್ನು ನನಗೆ ಕೊಟ್ಟರು.

ಎರಡು ದಿನ ಕೂತೆ. ಅಷ್ಟೂ ಸಂಪುಟಗಳಲ್ಲಿ ಕೆಂಪಣ್ಣ ಅನ್ನುವ ಹೆಸರನ್ನು ಹುಡುಕಿ, ಅದರ ಕೆಳಗಿನ ಸಾಲುಗಳ ಮೇಲೆ ಗಾಜು ಇಟ್ಟು ನೋಡಿದೆ. ಅವರು ವಿದ್ಯಾರ್ಥಿಯಾಗಿದ್ದಾಗ ಒಬ್ಬರೇ ಬರೆದ ಒಂದು ಪುಟ್ಟ ಲೇಖನಕ್ಕೆ ಮೂರು ಉಲ್ಲೇಖ. ಅಷ್ಟೆ. ನನಗೇ ಕಸಿವಿಸಿಯಾಯಿತು. ಇನ್ನೊಂದು ಸಲ ಎಣಿಸಿದೆ, ಮತ್ತೆ ಮೂರೇ. ಹಾಗೆಯೇ ಟೈಪು ಮಾಡಿದೆ. ರಾಯರು ಸಹಿ ಹಾಕಿದರು. ಆಮೇಲೆ ಒಂದು ತಿಂಗಳಲ್ಲಿ ವಿಭಾಗ ಮುಚ್ಚಿತು. ಅವರ ಹುದ್ದೆಯನ್ನು ಬೇರೆ ವಿಭಾಗಕ್ಕೆ ಕೊಟ್ಟರು. ಯಂತ್ರವನ್ನು ಬಿಚ್ಚಿ ಗುಂಡಿಗಳನ್ನು ಸ್ಟೋರಿಗೆ ಕಳಿಸಿದರು.

ಕೆಂಪಣ್ಣನವರು ಕೊನೆಯ ದಿನ ಪುಸ್ತಕಗಳನ್ನು ಹಿಂದಿರುಗಿಸಲು ಬಂದರು. ಎಲ್ಲ ಕೊಟ್ಟಾದ ಮೇಲೆ, ಆ ಸಾಲುಗಳನ್ನ ಒಂದ್ಸಲ ನೋಡಬಹುದಾ ಅಂತ ಕೇಳಿದರು. ಸಂಪುಟ ತೆಗೆದು, ಅಪ್ಪನ ಗಾಜು ಇಟ್ಟು ತೋರಿಸಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

“ಮೂರೇನಾ?” ಅಂದರು.

“ಮೂರೇ ಸಾರ್. ಎರಡು ಸಲ ಎಣಿಸಿದೀನಿ,” ಅಂದೆ.

ಆ ಎರಡು ಸಲ ಅನ್ನುವ ಮಾತನ್ನು ನಾನು ಯಾಕೆ ಸೇರಿಸಿದೆ ಅಂತ ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ನನ್ನ ಲೆಕ್ಕದ ಮೇಲಿನ ಹೆಮ್ಮೆಯಿಂದ ಸೇರಿಸಿದೆ, ಬೇರೆ ಕಾರಣ ಇಲ್ಲ. ಅವರು ತಲೆ ಆಡಿಸಿದರು. ಯಂತ್ರದ ಕೋಣೆಯಿಂದ ತಂದಿದ್ದ ಹಾಳೆಗಳ ದೊಡ್ಡ ಕಟ್ಟನ್ನು ಬಗಲಿಗೆ ಇಟ್ಟುಕೊಂಡು ಹೊರಟುಹೋದರು. ದೇವನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದರು ಅಂತ ಆಮೇಲೆ ಕೇಳಿದೆ.

ಅದಾದ ಏಳೆಂಟು ತಿಂಗಳಿಗೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಬರೆಯಲು ಅಪ್ಪ, ನಾನು ಜಗಲಿಯ ಮೇಲೆ ಕೂತೆವು. ಅಪ್ಪ ಮೊದಲು ತಮ್ಮ ದೊಡ್ಡಪ್ಪನ ಹೆಸರು ಬರೆಸಿದರು. ಆಮೇಲೆ ಸೋದರಮಾವನ ಹೆಸರು. ತಮ್ಮ ಹೆಸರನ್ನು ಕೊನೆಗೆ ಹಾಕಿಸಿದರು. ದೊಡ್ಡಪ್ಪನಿಗೆ ಆಗ ತೊಂಬತ್ತು, ಹಾಸಿಗೆಯಿಂದ ಏಳುತ್ತಿರಲಿಲ್ಲ, ಯಾರ ಮದುವೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ನಾನು ಪೆನ್ನು ಹಿಡಿದು ನಗುತ್ತಾ, ಪತ್ರಿಕೆ ನೋಡಿದೋರು ನಿಮ್ಮ ದೊಡ್ಡಪ್ಪಾನೇ ಮದುವೆ ಮಾಡ್ತಿರೋದು ಅಂದ್ಕೋತಾರೆ ಅಂದೆ.

“ಅಂದ್ಕೊಳ್ಲಿ ಬಿಡು,” ಅಂದರು ಅಪ್ಪ. “ಹಿರಿಯರು ಇರುವಾಗ ನನ್ನ ಹೆಸರು ಮೊದಲು ಹಾಕಿಸ್ಕೊಳ್ಳೋಕೆ ಆಗ್ತದಾ? ಮಾಡೋನು ಯಾರು ಅಂತ ನಮ್ಮೂರಿಗೆ ಗೊತ್ತಿಲ್ವಾ?”

ನಗು ಅಲ್ಲೇ ನಿಂತುಹೋಯಿತು. ನಮ್ಮೂರಿಗೆ ಗೊತ್ತು. ಆದರೆ ಹಡಗಿನಲ್ಲಿ ಬರುವ ಆ ಸೂಚಿಗೆ ಹೇಗೆ ಗೊತ್ತಾಗಬೇಕು? ಮರುದಿನ ಸೆಂಟರಿಗೆ ಹೋದವಳೇ ಸಂಪುಟದ ಮೊದಲ ಪುಟಗಳನ್ನು ತೆಗೆದೆ. ಇಷ್ಟು ವರ್ಷ ಸಾವಿರಾರು ಸಾಲು ನೋಡಿದ್ದೆ, ಅದರ ಮುನ್ನುಡಿಯನ್ನು ಒಮ್ಮೆಯೂ ಓದಿರಲಿಲ್ಲ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಲೇಖನಕ್ಕೆ ಎಷ್ಟು ಜನ ಲೇಖಕರಿದ್ದರೂ, ಅದರ ಉಲ್ಲೇಖಗಳನ್ನು ಮೊದಲ ಹೆಸರಿನ ಕೆಳಗೆ ಮಾತ್ರ ಕೊಡಲಾಗಿದೆ.

ಸದಾಶಿವರಾಯರ ಹೆಸರು ತೆಗೆದೆ. ಅದರ ಕೆಳಗೆ ಉದ್ದಕ್ಕೆ ಸಾಲುಗಳು. ಅವರ ಹಳೆಯ ವಿಷಯದ ಲೇಖನಗಳನ್ನು ಬಿಟ್ಟು, ಕೆಂಪಣ್ಣನವರ ಜೊತೆಗಿನ ಕಲಿಯುವ ಯಂತ್ರದ ಲೇಖನಗಳನ್ನಷ್ಟೇ ಗುರುತಿಸುತ್ತಾ ಹೋದೆ. ಎಂಬತ್ತನಾಲ್ಕು ಬಂತು. ಪ್ರೊಫೆಸರು ತೀರಿಕೊಂಡ ಮೇಲೂ, ವಿಭಾಗ ಮುಚ್ಚಿದ ಮೇಲೂ ಹೊಸವು ಬರುತ್ತಲೇ ಇದ್ದವು. ಸಮಿತಿಯವರು ಕೇಳಿದ್ದು ಬದುಕಿದ್ದವರ ಲೆಕ್ಕ. ಸತ್ತವರ ಹೆಸರಿನ ಕೆಳಗೆ ಯಾರೂ ನೋಡಿರಲಿಲ್ಲ. ನೋಡಬೇಕಾದವಳು ನಾನು.

ಆ ಸಂಜೆ ಮನೆಗೆ ಬಂದು ಅಪ್ಪನ ಮುಂದೆ ಕೂತು ಅತ್ತೆ. ಅವರು ಲಾಳಿ ಕೆಳಗಿಟ್ಟು ಎಲ್ಲ ಕೇಳಿಸಿಕೊಂಡರು. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ.

“ನಾನು ನೇಯ್ದ ಸೀರೆಗೆ ಅಂಗಡಿಯವರ ಮೊಹರು ಬೀಳ್ತದೆ,” ಅಂದರು. “ಉಟ್ಟೋರಿಗೆ ನನ್ನ ಹೆಸರು ಗೊತ್ತಿಲ್ಲ. ಹುಟ್ಟಿದಾಗಿನಿಂದ ಅದನ್ನ ನೋಡ್ಕೊಂಡೇ ಬೆಳೆದೆಯಲ್ಲ ಮಗ. ಬೇರೆ ಯಾರಾದ್ರೂ ತಪ್ಪಿದ್ರೆ ತಪ್ಪಲಿ, ನೀನು ಹೆಂಗೆ ತಪ್ಪಿದೆ?”

ಅವರು ಮತ್ತೆ ಮಗ್ಗಕ್ಕೆ ಕೂತರು. ಲಾಳಿ ಕೈಗೆತ್ತಿಕೊಂಡು, ನಾಳೆ ಹೋಗಿ ನಿಮ್ಮ ರಾಯರಿಗೆ ಮೊದಲು ಹೇಳು ಅಂದರು.

ರಾಯರ ನಿವೃತ್ತಿಗೆ ಎರಡೇ ತಿಂಗಳಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಅವರ ಮೇಲೆ ಒಂದೂ ಮೆಮೋ ಬಂದಿರಲಿಲ್ಲ. ಆ ವರದಿಯ ಮೇಲೆ ಇದ್ದದ್ದು ಅವರ ಸಹಿ. ನಾನು ಮುನ್ನುಡಿಯ ಪುಟ ತೆಗೆದು ಅವರ ಮೇಜಿನ ಮೇಲಿಟ್ಟು, ಎಂಬತ್ತನಾಲ್ಕರ ಪಟ್ಟಿಯನ್ನು ಪಕ್ಕದಲ್ಲಿಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನೂ ಓದಿರಲಿಲ್ಲಮ್ಮ ಇದನ್ನ ಅಂದರು. ಆಮೇಲೆ ತಾವೇ ಒಂದು ಹಾಳೆ ತೆಗೆದುಕೊಂಡು ನಿರ್ದೇಶಕರಿಗೆ ಬರೆದರು. ನಾವು ಕೊಟ್ಟ ಸಂಖ್ಯೆ ತಪ್ಪು, ತಪ್ಪು ನಮ್ಮದು, ಸರಿಯಾದ ಸಂಖ್ಯೆ ಇದು. ಕೆಳಗೆ ಅವರೊಬ್ಬರೇ ಸಹಿ ಹಾಕಲು ಹೋದರು. ನಾನು ಬಿಡಲಿಲ್ಲ.

ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು. ಪತ್ರವನ್ನು ಎರಡು ಸಲ ಓದಿದರು. ಅವರ ಮುಖ ಕಪ್ಪಿಟ್ಟಿತು. ಅವರಿಗೂ ನೋವಾಗಿತ್ತು ಅಂತ ನಾನು ನಂಬುತ್ತೇನೆ. ಸಮಿತಿ ಮುಗಿದುಹೋಗಿದೆ, ಯಂತ್ರ ಬಿಚ್ಚಿ ಆಗಿದೆ, ಆ ಹುದ್ದೆಗೆ ಬೇರೆಯವರು ಬಂದು ಕೂತಿದ್ದಾರೆ, ಈಗ ಏನು ಮಾಡಲಿ ಹೇಳಿ ಅಂದರು. ಪತ್ರವನ್ನು ಫೈಲಿಗೆ ಸೇರಿಸಿದರು. ರಾಯರು ನಿವೃತ್ತರಾದ ದಿನ ಹಾರ ಹಾಕಿಸಿಕೊಳ್ಳಲು ಒಪ್ಪಲಿಲ್ಲ, ಕಾಫಿ ಕುಡಿದು ಮನೆಗೆ ಹೋದರು.

ಒಂದು ಭಾನುವಾರ ನಾನು ಬಸ್ಸು ಹತ್ತಿ ದೇವನಹಳ್ಳಿಗೆ ಹೋದೆ. ಕೆಂಪಣ್ಣನವರ ಮನೆ ಕೋಟೆಯ ಒಳಗಿನ ಒಂದು ಸಂದಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅವರು ಚಾಪೆಯ ಮೇಲೆ ಕೂತು, ದಬ್ಬಳ ಹಿಡಿದು ಹಾಳೆಗಳನ್ನು ಹೊಲಿಯುತ್ತಿದ್ದರು. ಬನ್ನಿ ಬನ್ನಿ ಸರೋಜಮ್ಮ ಅಂತ ಎದ್ದು ಬಂದರು, ಮನೆಯಾಕೆಯನ್ನು ಕರೆದು ಕಾಫಿಗೆ ಹೇಳಿದರು. ಲೆಕ್ಕ ಮಾಡೋಕೆ ಮಕ್ಕಳ ಹತ್ತಿರ ಪುಸ್ತಕ ಇಲ್ಲ, ಇದರ ಹಿಂದುಗಡೆ ಖಾಲಿ ಇತ್ತಲ್ಲ, ರಫ್ ಪುಸ್ತಕ ಹೊಲಿದು ಕೊಡ್ತಿದೀನಿ ಅಂದರು. ನಾನು ಒಂದು ಪುಸ್ತಕ ಕೈಗೆತ್ತಿಕೊಂಡು ಹಾಳೆ ತಿರುಗಿಸಿದೆ. ಬಾಲದ ತುದಿಯಲ್ಲಿ ಚುಕ್ಕೆ ಒತ್ತಿದ ಆರು, ಸಾಲು ಸಾಲಾಗಿ.

ನಿಂತ ಕಾಲ ಮೇಲೇ ವಿಷಯ ಹೇಳಿಬಿಟ್ಟೆ, ಕೂತರೆ ಹೇಳಲು ಆಗುವುದಿಲ್ಲ ಅನ್ನಿಸಿತು. ಮುನ್ನುಡಿ ಓದದೇ ಇದ್ದದ್ದು, ಮೊದಲ ಹೆಸರು, ಎಂಬತ್ತನಾಲ್ಕು, ಎಲ್ಲ. ಅವರಿಗೆ ಮೊದಲೇ ಗೊತ್ತಿದ್ದಿರಬಹುದು, ಗುರುಗಳ ಮೇಲಿನ ಗೌರವಕ್ಕೆ ಸುಮ್ಮನಿದ್ದಿರಬಹುದು ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಹಾಗಿದ್ದರೆ ನನ್ನ ಪಾಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಅವರು ಕೈಯಲ್ಲಿದ್ದ ದಬ್ಬಳವನ್ನು ನಿಧಾನವಾಗಿ ಚಾಪೆಯ ಅಂಚಿಗೆ ಚುಚ್ಚಿದರು.

“ನಂಗೆ ಗೊತ್ತಿರ್ಲಿಲ್ಲಮ್ಮ,” ಅಂದರು. “ಮೂರು ಜನ ಅಂತ ನಾನೂ ನಂಬಿಬಿಟ್ಟಿದ್ದೆ. ಹತ್ತು ವರ್ಷ ಮಾಡಿದ್ದನ್ನ ಯಾರೂ ಓದಿಲ್ಲ ಅಂದ್ಮೇಲೆ ಅದರಲ್ಲಿ ಏನೂ ಇರ್ಲಿಲ್ಲ ಅಂತ್ಲೇ ತಾನೆ? ಅದಕ್ಕೇ ಹಾಳೆ ಇಟ್ಕೊಳ್ಳೋದು ಬೇಡ ಅಂತ ಹೊಲಿಯೋಕೆ ಕೂತೆ.”

ಪಟ್ಟಿಯನ್ನು ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದರು. ಒಟ್ಟು ಕೊನೆಯ ಪುಟದಲ್ಲಿದೆ ಸಾರ್ ಅಂದೆ. ಅವರು ಕೊನೆಯ ಪುಟ ತಿರುಗಿಸಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, ಈತ ನಮ್ಮ ಬಗ್ಗೆ ಏನಂತ ಬರೆದಿದಾನೆ, ಸರಿ ಅಂತಾನಾ, ತಪ್ಪು ಅಂತಾನಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಇನ್ನೊಂದು ಸಾಲು ತೋರಿಸಿ ಕೇಳಿದರು. ಅದೂ ಗೊತ್ತಿರಲಿಲ್ಲ. ಎಂಬತ್ತನಾಲ್ಕರಲ್ಲಿ ಒಂದನ್ನೂ ನಾನು ಓದಿರಲಿಲ್ಲ, ಎಣಿಸಿದ್ದೆ ಅಷ್ಟೆ. ಅವತ್ತು ಆದಷ್ಟು ನಾಚಿಕೆ ನನಗೆ ಬದುಕಿನಲ್ಲಿ ಬೇರೆ ಯಾವತ್ತೂ ಆಗಿಲ್ಲ.

ಮುಂದಿನ ಆರು ತಿಂಗಳು ಊಟದ ಬಿಡುವಿನಲ್ಲೆಲ್ಲ ಕೂತು, ಸೆಂಟರಿನಲ್ಲಿದ್ದ ಪತ್ರಿಕೆಗಳಿಂದ ಅವರ ಬಗ್ಗೆ ಬರೆದ ಸಾಲುಗಳನ್ನು ಕೈಯಲ್ಲೇ ನಕಲು ಮಾಡಿ ದೇವನಹಳ್ಳಿಗೆ ಕಳಿಸಿದೆ. ಕೆಲವರು ಹೊಗಳಿದ್ದರು, ಕೆಲವರು ತೆಗಳಿದ್ದರು. ಒಬ್ಬರು ಅವರ ವಿಧಾನವನ್ನೇ ಹಿಡಿದು ಬೇರೆ ಭಾಷೆಯ ಅಕ್ಷರಗಳಿಗೆ ಯಂತ್ರ ಕಟ್ಟಿದ್ದರು. ತೆಗಳಿದವರಿಗೆ ಕೆಂಪಣ್ಣನವರು ಉದ್ದುದ್ದ ಕಾಗದ ಬರೆದರು, ಅದರಲ್ಲಿ ಅವರಿಗೆ ಹೆಚ್ಚು ಉತ್ಸಾಹ. ಆದರೆ ಯಂತ್ರ ಇರಲಿಲ್ಲ, ಹೊಸ ಕೆಲಸ ಮಾಡಲು ಜಾಗ ಇರಲಿಲ್ಲ. ಅವರು ಮತ್ತೆ ಸಂಶೋಧನೆಗೆ ಹೋಗಲಿಲ್ಲ. ಒಳ್ಳೆಯ ಮೇಷ್ಟ್ರು ಅಂತ ಹೆಸರಾಗಿ, ಹೆಡ್ಮಾಸ್ಟರಾಗಿ, ನಿವೃತ್ತರಾಗಿ ತೀರಿಕೊಂಡರು. ಇದನ್ನು ಸುಖಾಂತ ಮಾಡಿ ಹೇಳಲು ನನಗೆ ಬರುವುದಿಲ್ಲ.

ನಾನು ಮಾತ್ರ ಬದಲಾದೆ. ರಾಯರ ಕುರ್ಚಿಗೆ ಬಂದ ಮೇಲೆ, ಯಾರ ಲೆಕ್ಕ ಕೇಳಿದರೂ ಮೊದಲು ಅವರ ಲೇಖನಗಳ ಪಟ್ಟಿ ತರಿಸಿ, ಜೊತೆಯಲ್ಲಿ ಬರೆದ ಪ್ರತಿಯೊಬ್ಬರ ಹೆಸರಿನ ಕೆಳಗೂ ಹುಡುಕುತ್ತಿದ್ದೆ. ಸಂಖ್ಯೆಯ ಜೊತೆ, ಯಾರು ಯಾಕೆ ನೆನೆದಿದ್ದಾರೆ ಅಂತ ಹತ್ತು ಸಾಲಾದರೂ ಬರೆದು ಲಗತ್ತಿಸುತ್ತಿದ್ದೆ. ಆಮೇಲೆ ಬಂದ ನಿರ್ದೇಶಕರೊಬ್ಬರು, ಸಂಖ್ಯೆ ಕೇಳಿದ್ರೆ ಪುರಾಣ ಕೊಡ್ತೀರಲ್ರೀ ಅಂತ ರೇಗಿದರು. ಪುರಾಣ ಬೇಡದಿದ್ದರೆ ಸಂಖ್ಯೆಯೂ ಸಿಗುವುದಿಲ್ಲ ಸಾರ್ ಅಂದೆ. ನನ್ನ ಕಾನ್ಫಿಡೆನ್ಶಿಯಲ್ ರಿಪೋರ್ಟಿನಲ್ಲಿ ಹಟಮಾರಿ ಅಂತ ಬರೆದರು. ಕಾರ್ಡು ಹೋಗಿ ಟೇಪು ಬಂತು, ಟೇಪು ಹೋಗಿ ಕಂಪ್ಯೂಟರ್ ಬಂತು. ನಾನು ಆ ಅಭ್ಯಾಸ ಬಿಡಲಿಲ್ಲ.

ಈಗ ಹೋದ ತಿಂಗಳ ವಿಷಯ. ಕಾಲೇಜೊಂದರ ಗ್ರಂಥಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದಳು. ಚುರುಕು ಹುಡುಗಿ. ನೀವು ಎರಡು ದಿನ ಮಾಡ್ತಿದ್ದಿದ್ದು ಈಗ ಎರಡು ಸೆಕೆಂಡು ಅಜ್ಜಿ, ಯಾವುದಾದ್ರೂ ಹೆಸರು ಹೇಳಿ ನೋಡೋಣ ಅಂದಳು. ನನ್ನ ಬಾಯಲ್ಲಿ ಬೇರೆ ಹೆಸರು ಬರಲಿಲ್ಲ. ಕೆಂಪಣ್ಣ ಅಂದೆ, ಅವರು ಕೆಲಸ ಮಾಡಿದ ವಿಷಯವನ್ನೂ ಹೇಳಿದೆ. ಅವಳು ಟೈಪು ಮಾಡಿ ನೋಡಿದಳು.

“ಮೂರು ಇದೆ ಅಜ್ಜಿ,” ಅಂದಳು. “ಮೂರೇ.”

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಆ ಹಳೆಯ ಸಂಪುಟಗಳನ್ನೇ ಹಾಗೆಯೇ ಇದರೊಳಗೆ ತುಂಬಿಸಿದ್ದಾರೆ ಅಂತ ಕಾಣುತ್ತದೆ. ನಾನು ತಿದ್ದಿದ ಪತ್ರ ಮುಚ್ಚಿಹೋದ ಸೆಂಟರಿನ ಯಾವುದೋ ಫೈಲಿನಲ್ಲಿ ಗೆದ್ದಲು ತಿಂದಿರಬೇಕು. ಅಪ್ಪನ ಆರನ್ನು ಒಂಬತ್ತು ಅಂದಾಗ ಯಂತ್ರದ ಹಿಂದೆ ಎದ್ದು ಹೋಗಲು ಕೆಂಪಣ್ಣನವರಿದ್ದರು. ಇದಕ್ಕೆ ತಪ್ಪು ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳಿಲ್ಲ. ನನ್ನ ಮುಖ ನೋಡಿ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು.

ಸುಧಾರಿಸಿಕೊಂಡ ಮೇಲೆ ಈ ಸಂಗತಿಯನ್ನು ಅರ್ಧ ಹೇಳಿ, ಅವಳಿಂದ ಪೆನ್ನು ತೆಗೆದುಕೊಂಡು, ಪ್ರೊಫೆಸರ್ ಸದಾಶಿವರಾಯರ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಇದರ ಕೆಳಗೆ ಹುಡುಕು ಅಂದೆ. ಅವಳು ಹುಡುಕಿದಳು. ಪಟ್ಟಿ ಮೇಲಿಂದ ಕೆಳಗೆ ಇಳಿಯುತ್ತಲೇ ಹೋಯಿತು. ಅಬ್ಬಾ, ಎಷ್ಟಿದೆ ಗೊತ್ತಾ ಅಂತ ಅವಳು ಒಟ್ಟು ಹೇಳಲು ಬಾಯಿ ತೆರೆದಳು.

“ಒಟ್ಟು ಆಮೇಲೆ ಹೇಳುವೆಯಂತೆ ಮಗ,” ಅಂದೆ. “ಮೊದಲು ಒಂದನ್ನ ತೆಗೆದು ಓದು. ಅವರ ಬಗ್ಗೆ ಏನಂತ ಬರೆದಿದಾರೆ, ನನಗೆ ಕೇಳೋ ಹಾಗೆ ಓದು.”

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಓದಲು ಶುರು ಮಾಡಿದಳು. ಕಾಫಿ ಆರಿಹೋಯಿತು, ಇಬ್ಬರೂ ಗಮನಿಸಲಿಲ್ಲ.